ಕರೆಂಟ್ ಹೋದಾಗ ಕೇಳಿಸಿದ್ದು

2013ರಲ್ಲಿ ನಾನು ಬಿಇ ಫೈನಲ್ ಇಯರ್. ಮೂವರು ಸೇರಿ ಸೌರ ಬಿರುಗಾಳಿಯ ರೇಡಿಯೊ ಸದ್ದು ಹಿಡಿಯೋ ಪ್ರಾಜೆಕ್ಟ್ ಎತ್ತಿಕೊಂಡ್ವಿ. ಮುಳಬಾಗಿಲು ಪಕ್ಕದ ನಮ್ಮ ಟೊಮೆಟೊ ತೋಟದಲ್ಲಿ ಎರಡು ಬೊಂಬು ನೆಟ್ಟು 7 ಮೀಟರ್ ತಾಮ್ರದ ತಂತಿ ಕಟ್ಟಿದ್ವಿ. 20 ಮೆಗಾಹರ್ಟ್ಸ್‌ಗೆ ಅಷ್ಟುದ್ದ ಬೇಕು. ಅಪ್ಪ ನೋಡಿ, "ಬಟ್ಟೆ ಒಣಹಾಕಕ್ಕೇನೋ ಇದು?" ಅಂದ್ರು.

ಮೂರು ವಾರ ಕೇಳಿಸಿದ್ದು ಬರೀ ಪಂಪ್‌ಸೆಟ್ಟುಗಳ ಚಟಪಟ.

ಈ ಗೋಳು ಹಳೇದು. 1942ರ ಫೆಬ್ರವರಿ ಕೊನೆಗೆ ಬ್ರಿಟಿಷ್ ಸೇನೆಯ ರಾಡಾರ್‌ಗಳಲ್ಲಿ ವಿಪರೀತ ಗದ್ದಲ. ಎರಡು ವಾರದ ಹಿಂದಷ್ಟೇ ಜರ್ಮನರು ರಾಡಾರ್ ಕೆಡಿಸಿ ಯುದ್ಧನೌಕೆಗಳನ್ನು ದಾಟಿಸಿದ್ದರು. ಇದೂ ಅವರದೇ ಕೆಲಸ ಅಂತ ಅನುಮಾನ. ಸ್ಟ್ಯಾನ್ಲಿ ಹೇ ವರದಿಗಳನ್ನು ಹೋಲಿಸಿ ನೋಡಿದರೆ, ಗದ್ದಲ ಬರ್ತಿದ್ದ ದಿಕ್ಕು ಸೂರ್ಯನದು! ಅಂದು ಸೂರ್ಯನ ಮೇಲೆ ದೊಡ್ಡ ಕಲೆಗಳ ಗುಂಪಿತ್ತು. ಯುದ್ಧದ ಗುಟ್ಟಾದ್ದರಿಂದ ಅದು ಅಚ್ಚಾಗಿದ್ದು 1946ರಲ್ಲಿ.

ನಮ್ಮ ಜಿಲ್ಲೆಗೂ ಇದರಲ್ಲಿ ಪಾಲಿದೆ. ಆಗ ಕೋಲಾರಕ್ಕೇ ಸೇರಿದ್ದ ಗೌರಿಬಿದನೂರಿನಲ್ಲಿ 1970ರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಸಾವಿರ ಡೈಪೋಲ್‌ಗಳನ್ನು 'ಟಿ' ಆಕಾರದಲ್ಲಿ ನಿಲ್ಲಿಸಿದವು. ಪೂರ್ವ-ಪಶ್ಚಿಮದ ತೋಳೇ ಸುಮಾರು 1.4 ಕಿ.ಮೀ. 1997ರಿಂದ ಅಲ್ಲಿನ ರೇಡಿಯೊ ಹೀಲಿಯೊಗ್ರಾಫ್ ಸೂರ್ಯನ ಚಿತ್ರ ತೆಗೀತಿದೆ.

ಬಿರುಗಾಳಿಯ ಆಘಾತದ ಅಲೆ ಸೂರ್ಯನಿಂದ ಮೇಲೇರಿದಂತೆ ಪ್ಲಾಸ್ಮಾ ತೆಳುವಾಗುತ್ತೆ, ರೇಡಿಯೊ ಆವರ್ತನ ಇಳಿಯುತ್ತೆ. ಎಷ್ಟು ಬೇಗ ಇಳೀತು ಅನ್ನೋದರಿಂದ ಅಲೆಯ ವೇಗ ಅಂದಾಜು ಮಾಡಬಹುದು. ಸದ್ದು ನಮಗೆ ತಲುಪೋದು 8 ನಿಮಿಷದಲ್ಲಿ. ಬಿರುಗಾಳಿ ಬರೋಕೆ ಒಂದೆರಡು ದಿನ ಬೇಕು. ಆ ನಡುವಿನ ಹೊತ್ತೇ ಮುನ್ನೆಚ್ಚರಿಕೆ. 1989ರ ಮಾರ್ಚ್‌ನಲ್ಲಿ ಇಂಥದ್ದೇ ಬಿರುಗಾಳಿಗೆ ಕೆನಡಾದ ಕ್ವಿಬೆಕ್ 9 ಗಂಟೆ ಕತ್ತಲಾಗಿತ್ತು.

ನಮ್ಮ ಕಥೆಗೆ ಬರೋಣ. ಒಂದು ಮಧ್ಯಾಹ್ನ ಊರಿಗೇ ಕರೆಂಟ್ ಹೋಯ್ತು. ಪಂಪುಗಳು ತಣ್ಣಗಾದವು. ರೇಡಿಯೊದಲ್ಲಿ ಅಲೆ ದಡಕ್ಕೆ ಬಡಿದಂತೆ ಭೋರ್ ಅಂತ ಏರಿ, ಎರಡು ನಿಮಿಷಕ್ಕೆ ಇಳೀತು. ರೆಕಾರ್ಡ್ ಮಾಡಬೇಕಿದ್ದ ಲ್ಯಾಪ್‌ಟಾಪಲ್ಲಿ ಚಾರ್ಜೇ ಇರಲಿಲ್ಲ!

"ನೆಟ್ಟಲ್ಲಿರೋ ಗ್ರಾಫ್ ಹಾಕಿಬಿಡೋಣ ಮಗಾ, ಯಾರು ನೋಡ್ತಾರೆ" ಅಂದ ಗೆಳೆಯ. ಎರಡು ದಿನ ಜಗಳ ಆಡಿದ್ವಿ. ಕೊನೆಗೆ, 'ಸದ್ದು ಕೇಳಿಸಿತು, ಸೂರ್ಯನದೇ ಎಂದು ಖಾತ್ರಿಯಿಲ್ಲ' ಅಂತ ಬರೆದ್ವಿ. ಮಾರ್ಕ್ಸ್ ಕಮ್ಮಿ ಬಂತು.

ಈಗ ಆಫೀಸಲ್ಲಿ ಎರರ್ ಲಾಗ್ ನೋಡ್ತಾ "ಬರೀ ನಾಯ್ಸ್, ಬಿಡಿ" ಅಂತ ಯಾರಾದರೂ ಅಂದರೆ ಆ ತಂತಿ ನೆನಪಾಗುತ್ತೆ. ನಾನು ಇನ್ನೊಂದ್ಸಲ ನೋಡ್ತೀನಿ. ತಂತಿ ಈಗಲೂ ತೋಟದಲ್ಲಿದೆ. ಅಮ್ಮ ಅದರ ಮೇಲೆ ಬಟ್ಟೆ ಒಣಹಾಕ್ತಾಳೆ.