ಗಂಡ-ಹೆಂಡತಿಯ ಬ್ಲಡ್ ಗ್ರೂಪ್ ಒಂದೇ ಆದರೆ ಮಗುವಿಗೆ ಅಪಾಯವೇ?

ಗಂಡ-ಹೆಂಡತಿ ಇಬ್ಬರದ್ದೂ ಒಂದೇ ಬ್ಲಡ್ ಗ್ರೂಪ್ ಆದರೆ ಮಗು ಉಳಿಯುವುದಿಲ್ಲ ಎಂಬ ಮಾತು ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಇದು ಸುಳ್ಳು. ಗುಂಪು ಒಂದೇ ಎಂಬ ಕಾರಣಕ್ಕೆ ಮಗುವಿಗೆ ತೊಂದರೆ ಆಗುವುದಿಲ್ಲ. ನಾವು ನೋಡಬೇಕಾದದ್ದು ತಾಯಿಯ ಗುಂಪಿನ ಜೊತೆಗಿರುವ ಪಾಸಿಟಿವ್ ಅಥವಾ ನೆಗೆಟಿವ್, ಅಂದರೆ ಆರ್‌ಎಚ್ ಅಂಶವನ್ನು.

ತೊಂದರೆ ಯಾವಾಗ?

ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಆಗಬಹುದು. ಹೆರಿಗೆ ಅಥವಾ ಗರ್ಭಪಾತದ ವೇಳೆ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಬಹುದು. ಆಗ ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮುಂದಿನ ಮಗುವೂ ಪಾಸಿಟಿವ್ ಆದರೆ ಈ ಪ್ರತಿಕಾಯಗಳು ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ರಕ್ತಹೀನತೆ ತೀವ್ರವಾದರೆ ಮಗು ಹೊಟ್ಟೆಯಲ್ಲೇ ಸಾಯಬಹುದು.

ಪತ್ತೆ ಹೇಗೆ?

ಗರ್ಭಿಣಿಗೆ ಮೊದಲು ಮಾಡುವ ರಕ್ತಪರೀಕ್ಷೆಯಲ್ಲೇ ಗುಂಪು ಗೊತ್ತಾಗುತ್ತದೆ. ನೆಗೆಟಿವ್ ಇದ್ದರೆ ಇನ್‌ಡೈರೆಕ್ಟ್ ಕೂಂಬ್ಸ್ ಟೆಸ್ಟ್ ಮಾಡಿ ಪ್ರತಿಕಾಯ ಇದೆಯೇ ಎಂದು ನೋಡುತ್ತಾರೆ. ಇದ್ದರೆ ಡಾಪ್ಲರ್ ಸ್ಕ್ಯಾನ್‌ನಲ್ಲಿ ಮಗುವಿನ ಮೆದುಳಿನ ರಕ್ತನಾಳದಲ್ಲಿ ರಕ್ತ ಹರಿಯುವ ವೇಗವನ್ನು ಅಳೆಯುತ್ತಾರೆ. ರಕ್ತಹೀನತೆ ಇದ್ದರೆ ರಕ್ತ ತೆಳುವಾಗಿ, ವೇಗವಾಗಿ ಹರಿಯುತ್ತದೆ.

ಹುಟ್ಟುವ ಮೊದಲೇ ಚಿಕಿತ್ಸೆ

ಹೊಟ್ಟೆಯಲ್ಲಿರುವ ಮಗುವಿಗೇ ರಕ್ತ ಕೊಡಬಹುದು. 1963ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಡಾ. ವಿಲಿಯಂ ಲೈಲಿ ಇದನ್ನು ಮೊದಲ ಬಾರಿಗೆ ಯಶಸ್ವಿಯಾಗಿ ಮಾಡಿದರು. ಈಗ ಸ್ಕ್ಯಾನ್ ನೋಡುತ್ತಾ, ತೆಳು ಸೂಜಿಯಿಂದ ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ರಕ್ತ ಕೊಡುತ್ತಾರೆ. ಅಗತ್ಯವಿದ್ದರೆ ಕೆಲವು ವಾರಗಳ ಬಳಿಕ ಮತ್ತೆ ಕೊಡುತ್ತಾರೆ.

ತಡೆಯಲು ಒಂದು ಇಂಜೆಕ್ಷನ್

ಸಮಸ್ಯೆ ಇಷ್ಟು ದೂರ ಬರದಂತೆ ತಡೆಯಲು ಆಂಟಿ-ಡಿ ಇಂಜೆಕ್ಷನ್ ಇದೆ. 1968ರಿಂದಲೂ ಇದು ಬಳಕೆಯಲ್ಲಿದೆ. ಸಾಮಾನ್ಯವಾಗಿ 28ನೇ ವಾರದ ಹೊತ್ತಿಗೆ ಒಮ್ಮೆ, ಹುಟ್ಟಿದ ಮಗು ಪಾಸಿಟಿವ್ ಆಗಿದ್ದರೆ 72 ಗಂಟೆಯೊಳಗೆ ಮತ್ತೊಮ್ಮೆ ಕೊಡುತ್ತಾರೆ. ಗರ್ಭಪಾತವಾದರೆ, ರಕ್ತಸ್ರಾವ ಕಂಡರೆ, ಹೊಟ್ಟೆಗೆ ಪೆಟ್ಟು ಬಿದ್ದರೆ ಆಂಟಿ-ಡಿ ಬೇಕೇ ಎಂದು ತಡಮಾಡದೆ ವೈದ್ಯರನ್ನು ಕೇಳಿ.

"ಮಗು ಚೆನ್ನಾಗೇ ಹುಟ್ಟಿದೆಯಲ್ಲ, ಇನ್ನು ಇಂಜೆಕ್ಷನ್ ಯಾಕೆ?" ಎಂದು ಮನೆಯಲ್ಲಿ ಕೇಳುವುದುಂಟು. ಆ ಇಂಜೆಕ್ಷನ್ ಕಾಪಾಡುವುದು ಮುಂದೆ ಹುಟ್ಟುವ ಮಗುವನ್ನು. ಪ್ರತಿಕಾಯ ಒಮ್ಮೆ ತಯಾರಾದ ಮೇಲೆ ಆಂಟಿ-ಡಿ ಕೊಟ್ಟು ಪ್ರಯೋಜನವಿಲ್ಲ.

ನೆನಪಿಡಿ: ತಾಯಿ ಪಾಸಿಟಿವ್ ಇದ್ದರೆ ಅಥವಾ ತಂದೆ-ತಾಯಿ ಇಬ್ಬರೂ ನೆಗೆಟಿವ್ ಇದ್ದರೆ ಈ ಚಿಂತೆ ಇಲ್ಲ. ಸಂಬಂಧ ಬೇಡ ಎನ್ನಲೂ ಬ್ಲಡ್ ಗ್ರೂಪ್ ಕಾರಣವಲ್ಲ. ನಿಮ್ಮ ಮನೆಯಲ್ಲಿ ಗರ್ಭಿಣಿ ಇದ್ದರೆ ತಾಯಿ ಕಾರ್ಡ್ ತೆಗೆದು ರಕ್ತದ ಗುಂಪು ನೋಡಿ. ನೆಗೆಟಿವ್ ಎಂದಿದ್ದರೆ ಮುಂದಿನ ತಪಾಸಣೆಯಲ್ಲಿ ಆಂಟಿ-ಡಿ ಬಗ್ಗೆ ಮರೆಯದೆ ಕೇಳಿ.