ಕಡೂರಿನ ಹುಡುಗಿ ಬೀಸಬಾರದಿತ್ತೇ?

2017ರ ಜುಲೈ 23, ಭಾನುವಾರ. ಅಂದು ಭೀಮನ ಅಮಾವಾಸ್ಯೆ. ನಾನಾಗ ಬಿ.ಎ. ಓದುತ್ತಿದ್ದೆ. ಹಬ್ಬಕ್ಕೆಂದು ಅಜ್ಜಂಪುರದಿಂದ ಕಡೂರಿನ ಸೋದರಮಾವನ ಮನೆಗೆ ಹೋಗಿದ್ದೆ. ಬೆಳಗ್ಗೆ ಅತ್ತೆಯ ಪೂಜೆ ಮುಗಿದು, ಮಾವನ ಮಗ ಹೊಸ್ತಿಲ ಮೇಲೆ ಭಂಡಾರ ಒಡೆದು, ಎಲ್ಲರೂ ಕಡುಬು ತಿಂದಾಗಿತ್ತು. ಮಾವನದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಹಬ್ಬದ ದಿನವಾದ್ದರಿಂದ ವ್ಯಾಪಾರವಿರಲಿಲ್ಲ. ಆದರೂ ಸಂಜೆ ಹೊತ್ತಿಗೆ ಅಂಗಡಿಯ ಟಿ.ವಿ. ಮುಂದೆ ಏಳೆಂಟು ಜನ ಕೂತಿದ್ದರು, ಅಷ್ಟೇ ಜನ ಬಾಗಿಲಲ್ಲಿ ನಿಂತಿದ್ದರು. ಲಾರ್ಡ್ಸ್‌ನಲ್ಲಿ ಮಹಿಳೆಯರ ವಿಶ್ವಕಪ್ ಫೈನಲ್ ನಡೆಯುತ್ತಿತ್ತು. ಇಂಗ್ಲೆಂಡ್ 228 ರನ್ ಮಾಡಿತ್ತು. ಭಾರತಕ್ಕೆ 229 ಬೇಕಿತ್ತು.

ಅಷ್ಟು ಜನ ಸೇರಲು ಒಂದೇ ಕಾರಣ, ವೇದಾ ಕೃಷ್ಣಮೂರ್ತಿ. ನಮ್ಮೂರ ಹುಡುಗಿ. ಅವರು ಇದೇ ಕಡೂರಿನಲ್ಲಿ 1992ರ ಅಕ್ಟೋಬರ್ 16ರಂದು ಹುಟ್ಟಿದವರು. ಬೀದಿಯಲ್ಲಿ ಹುಡುಗರ ಜೊತೆ ಆಡುತ್ತಾ ಬೆಳೆದು, ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ತರಬೇತಿಗೆಂದು ಬೆಂಗಳೂರು ಸೇರಿ, 2011ರಲ್ಲಿ ಹದಿನೆಂಟನೇ ವಯಸ್ಸಿಗೆ ಇಂಗ್ಲೆಂಡ್ ವಿರುದ್ಧ ಆಡಿದ ಮೊದಲ ಏಕದಿನ ಪಂದ್ಯದಲ್ಲೇ 51 ರನ್ ಹೊಡೆದವರು. ಫೈನಲ್‌ಗೆ ಎಂಟು ದಿನ ಮೊದಲು, ಗೆದ್ದರೆ ಮಾತ್ರ ಸೆಮಿಫೈನಲ್ ಎಂಬಂಥ ಪಂದ್ಯದಲ್ಲಿ, ನ್ಯೂಜಿಲೆಂಡ್ ಎದುರು 45 ಎಸೆತಗಳಲ್ಲಿ 70 ರನ್ ಬಾರಿಸಿದ್ದರು. ಆ ಪಂದ್ಯದಲ್ಲಿ ಮಿಥಾಲಿ ರಾಜ್ 109 ಹೊಡೆದರು. ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 15 ರನ್ನಿಗೆ ಐದು ವಿಕೆಟ್ ಕಿತ್ತು ನ್ಯೂಜಿಲೆಂಡನ್ನು 79ಕ್ಕೆ ಮುಗಿಸಿದರು. ಅದನ್ನು ನೋಡಿದ ಮೇಲೇ ಮಾವನ ಅಂಗಡಿಯಲ್ಲಿ ಮಹಿಳಾ ಕ್ರಿಕೆಟ್ಟಿಗೆ ಮರ್ಯಾದೆ ಬಂದಿದ್ದು.

ಈಗ ನಾನು ಪಿಎಚ್.ಡಿ.ಗೆಂದು ಓದುತ್ತಿರುವುದು ಸಣ್ಣ ಊರುಗಳ ಆಟದ ಮೈದಾನಗಳ ಸಾಮಾಜಿಕ ಇತಿಹಾಸವನ್ನು. ಆ ಸಂಜೆಯ ಮಾತುಗಳನ್ನು ಒಂದು ದಾಖಲೆಯ ಹಾಗೆ ಮತ್ತೆ ಮತ್ತೆ ನೆನಪು ಮಾಡಿಕೊಳ್ಳುತ್ತಿರುತ್ತೇನೆ.

ಹರ್ಮನ್‌ಪ್ರೀತ್ ಕೌರ್ 51ಕ್ಕೆ ಔಟಾದಾಗ ಸ್ಕೋರು 3 ವಿಕೆಟ್ಟಿಗೆ 138. ಕ್ರೀಸಿಗೆ ಬಂದವರು ವೇದಾ. ಅಂಗಡಿಯಲ್ಲಿ ಶಿಳ್ಳೆ ಬಿತ್ತು. ಆಮೇಲೆ ಚರ್ಚೆ ಶುರುವಾಯಿತು.

"ಇವಳ ಕೈಯಲ್ಲಿ ಹೊಡೆತ ಇದೆ. ಆದ್ರೆ ನಿಲ್ಲೋ ತಾಳ್ಮೆ ಇಲ್ಲ" ಅಂದರು ಪಕ್ಕದ ಬೇಕರಿಯವರು.

"ಹೊಡೆಯೋರು ಒಬ್ರು ಬೇಕೇ ಬೇಕಲ್ಲ ಸ್ವಾಮಿ? ಆ ಕಡೆ ಪೂನಂ ರಾವುತ್ ನಿಂತಿದಾಳೆ. ಇಬ್ರೂ ನಿಂತ್ರೆ ರನ್ ಮಾಡೋರ್ಯಾರು?" ಅಂದವರು ಮಂಡಿಯಲ್ಲಿ ಲೆಕ್ಕ ಬರೆಯುವವರು.

"ಕಾಲಿನ ಕಡೆ ಬಿದ್ರೆ ಬಿಡಲ್ಲ. ಆಫ್ ಸೈಡಿಗೆ ಹಾಕಿದ್ರೆ ಏನ್ಮಾಡ್ತಾಳೋ ನೋಡ್ಬೇಕು" ಅಂದ ನನಗಿಂತ ಎರಡು ವರ್ಷ ದೊಡ್ಡವನಾದ ಮಾವನ ಮಗ.

ನಾನು ಅಂಗಡಿಗೂ ಮನೆಗೂ ನಡುವಿನ ಬಾಗಿಲಲ್ಲಿ ಅತ್ತೆಯ ಪಕ್ಕ ನಿಂತಿದ್ದೆ. ಮಧ್ಯಾಹ್ನ ಪಂದ್ಯ ಶುರುವಾದಾಗ ಇದೇ ಜನ ಬೇರೆ ಮಾತಾಡುತ್ತಿದ್ದರು. "ಬೌಂಡರಿ ಹತ್ತಿರ ಹಾಕಿರ್ತಾರೆ", "ಹೆಣ್ಮಕ್ಕಳಿಗೆ ಯಾಕೆ ಈ ಆಟ", "ಮದುವೆ ಆದ್ಮೇಲೆ ಇದೆಲ್ಲ ನಡೆಯಲ್ಲ" ಎಂಬ ಮಾತುಗಳು. ಅವು ಯಾವ ಓವರಿನಲ್ಲಿ ನಿಂತವೋ ಗೊತ್ತಿಲ್ಲ. ಮೂವತ್ತೈದು ದಾಟುವ ಹೊತ್ತಿಗಂತೂ ಯಾರ ಬಾಯಲ್ಲೂ ಇರಲಿಲ್ಲ. ಕಾಲು ಎಲ್ಲಿಡಬೇಕು, ಸ್ಟ್ರೈಕ್ ಯಾರಿಗೆ ಕೊಡಬೇಕು, ಯಾವ ಬೌಲರನ್ನು ಬಿಟ್ಟು ಯಾರಿಗೆ ಹೊಡೆಯಬೇಕು ಎಂಬುದಷ್ಟೇ ಉಳಿದಿತ್ತು.

ಪೂನಂ ಮತ್ತು ವೇದಾ 53 ರನ್ ಸೇರಿಸಿದರು. ಸ್ಕೋರು 191 ಆಯಿತು. ಗೆಲ್ಲಲು 43 ಎಸೆತಗಳಲ್ಲಿ 38 ರನ್ ಸಾಕು, ಏಳು ವಿಕೆಟ್ ಕೈಯಲ್ಲಿತ್ತು. ಬೇಕರಿಯವರು ಎದ್ದು ಹೋಗಿ ಒಂದು ಡಬ್ಬಿ ಮೈಸೂರುಪಾಕು ತಂದು ಮೇಜಿನ ಮೇಲಿಟ್ಟರು. "ಈಗಲೇ ತೆಗೀಬೇಡಿ" ಅಂದರು ಮಾವ.

ಮುಂದಿನದು ಎಲ್ಲರಿಗೂ ಗೊತ್ತು. ಅನ್ಯಾ ಶ್ರಬ್‌ಸೋಲ್ ಎಸೆತಕ್ಕೆ ಪೂನಂ 86 ರನ್ ಮಾಡಿ ಎಲ್‌ಬಿಡಬ್ಲ್ಯು ಆದರು. ಸುಷ್ಮಾ ವರ್ಮಾ ಸೊನ್ನೆಗೆ ಹೋದರು. ಸ್ಕೋರು 200 ಆದಾಗ ವೇದಾ ಶ್ರಬ್‌ಸೋಲ್‌ಗೆ ದೊಡ್ಡ ಹೊಡೆತ ಬೀಸಿದರು. ಚೆಂಡು ಮೇಲೆ ಹೋಯಿತು, ನ್ಯಾಟ್ ಸಿವರ್ ಕೈಗೆ ಬಿತ್ತು. 34 ಎಸೆತ, 35 ರನ್. ಅಲ್ಲಿಂದ ಮುಂದೆ ಯಾರೂ ನಿಲ್ಲಲಿಲ್ಲ. 28 ರನ್ನುಗಳ ಒಳಗೆ ಏಳು ವಿಕೆಟ್ ಬಿದ್ದು ಭಾರತ 219ಕ್ಕೆ ಆಲೌಟಾಯಿತು. ಸೋತದ್ದು 9 ರನ್ನಿನಿಂದ. ಶ್ರಬ್‌ಸೋಲ್‌ಗೆ 46 ರನ್ನಿಗೆ ಆರು ವಿಕೆಟ್.

ಡಬ್ಬಿ ಹಾಗೇ ಮೇಜಿನ ಮೇಲಿತ್ತು. "ಬೀಸಬಾರದಿತ್ತು" ಅಂದರು ಬೇಕರಿಯವರು. ಎಲ್ಲರೂ ಅದನ್ನೇ ಹೇಳಿದರು. "ಒಂದೊಂದೇ ತಗೊಂಡಿದ್ರೆ ಸಾಕಿತ್ತು." ಅತ್ತೆ ಮಾತ್ರ, "ಪಾಪ, ಅವರಮ್ಮನಿಗೆ ಎಷ್ಟು ಸಂಕಟ ಆಗಿರುತ್ತೋ" ಅಂತ ಒಳಗೆ ಹೋದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೀಸಬಾರದಿತ್ತು ಎಂದು ನನಗೂ ಅನ್ನಿಸಿತ್ತು.

ಈ ಮಾತನ್ನು ನಾನು ಮತ್ತೆ ಯೋಚಿಸುವಂತೆ ಮಾಡಿದವರು ತರೀಕೆರೆಯ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು. ಸಂಶೋಧನೆಯ ಕೆಲಸಕ್ಕೆಂದು ಅವರ ಮನೆಗೆ ಹೋಗಿದ್ದೆ. ಎಪ್ಪತ್ತು ದಾಟಿದವರು. ನಾನು ವೇದಾ ವಿಷಯ ತೆಗೆದೆ. ಅವರು ಗುಂಡಪ್ಪ ವಿಶ್ವನಾಥ್ ವಿಷಯಕ್ಕೆ ಹೋದರು.

ತರೀಕೆರೆಯಿಂದ ರೈಲು ಹತ್ತಿದರೆ ಭದ್ರಾವತಿ ದೂರವೇನಲ್ಲ. ವಿಶ್ವನಾಥ್ ಹುಟ್ಟಿದ್ದು ಅಲ್ಲಿ, 1949ರಲ್ಲಿ. ಬೆಳೆದದ್ದು ಬೆಂಗಳೂರಿನಲ್ಲಾದರೂ ಸುತ್ತಲಿನ ಊರುಗಳಿಗೆ ಅವರು ಭದ್ರಾವತಿ ಹುಡುಗನೇ. 1967ರಲ್ಲಿ ಮೈಸೂರು ತಂಡಕ್ಕಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ಮೇಲೆ 230 ರನ್ ಹೊಡೆದರು. 1969ರ ನವೆಂಬರ್‌ನಲ್ಲಿ, ಇಪ್ಪತ್ತನೇ ವಯಸ್ಸಿಗೆ, ಕಾನ್ಪುರದಲ್ಲಿ ಆಸ್ಟ್ರೇಲಿಯ ಎದುರು ಮೊದಲ ಟೆಸ್ಟ್.

"ನಾನಾಗ ಹೈಸ್ಕೂಲು. ನಮ್ಮ ಬೀದಿಗೆ ಒಂದೇ ಟ್ರಾನ್ಸಿಸ್ಟರ್ ಕಣಮ್ಮ" ಎಂದರು ಮೇಷ್ಟ್ರು. "ಇಂಗ್ಲಿಷ್ ಕಾಮೆಂಟರಿ. ಅರ್ಧ ಅರ್ಥ ಆಗೋದು, ಇನ್ನರ್ಧ ನಾವೇ ಸೇರಿಸ್ಕೊಳ್ಳೋದು. ಮೊದಲ್ನೇ ಇನಿಂಗ್ಸಲ್ಲಿ ಸೊನ್ನೆ. ದೊಡ್ಡೋರೆಲ್ಲ ಏನಂದ್ರು ಗೊತ್ತಾ? ಕುಳ್ಳ, ಮಣಿಕಟ್ಟಲ್ಲಿ ಆಡ್ತಾನೆ, ಇದು ರಣಜೀಲಿ ನಡೆಯುತ್ತೆ, ಟೆಸ್ಟಲ್ಲಿ ನಡೆಯಲ್ಲ ಅಂದ್ರು. ಎರಡನೇ ಇನಿಂಗ್ಸಲ್ಲಿ 137. ಅವತ್ತಿಂದ ಅದೇ ಮಣಿಕಟ್ಟಿಗೆ ಕಲಾವಿದನ ಕೈ ಅಂತ ಹೆಸರಾಯ್ತು."

ಆ 137ರಲ್ಲಿ 25 ಬೌಂಡರಿಗಳಿದ್ದವು. ವಿಶ್ವನಾಥ್ ಮುಂದೆ 91 ಟೆಸ್ಟ್ ಆಡಿದರು, 14 ಶತಕ ಬಾರಿಸಿದರು. ಅವರು ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋಲಲಿಲ್ಲ. ಸೊನ್ನೆಗೂ 137ಕ್ಕೂ ನಡುವೆ ಮಣಿಕಟ್ಟು ಬದಲಾಗಿರಲಿಲ್ಲ, ನೋಡುವವರು ಬದಲಾಗಿದ್ದರು ಎನ್ನುವುದು ಮೇಷ್ಟ್ರ ಮಾತಿನ ಸಾರ.

ಇತಿಹಾಸ ಓದುವವರು ಮೊದಲ ವರ್ಷದಲ್ಲೇ ಕಲಿಯಬೇಕಾದ, ಆದರೆ ಬಹಳ ತಡವಾಗಿ ಕಲಿಯುವ ಪಾಠ ಇದು. ಫಲಿತಾಂಶ ಗೊತ್ತಾದ ಮೇಲೆ ಕಾರಣ ಹುಡುಕುವುದು ಸುಲಭ. ಗೆದ್ದವರ ಸ್ವಭಾವವನ್ನು ಗುಣ ಎನ್ನುತ್ತೇವೆ, ಸೋತವರಲ್ಲಿ ಅದೇ ಸ್ವಭಾವವನ್ನು ದೋಷ ಎನ್ನುತ್ತೇವೆ. ಜುಲೈ 15ರಂದು ವೇದಾ ಬೀಸಿದ್ದಕ್ಕೆ ಕಡೂರು ಶಿಳ್ಳೆ ಹೊಡೆಯಿತು, ಜುಲೈ 23ರಂದು ಬೀಸಿದ್ದಕ್ಕೆ ತಲೆ ಚಚ್ಚಿಕೊಂಡಿತು. ಎರಡೂ ದಿನ ಆಡಿದ್ದು ಒಂದೇ ಕೈ. "ಒಂದೊಂದೇ ತಗೊಂಡಿದ್ರೆ ಸಾಕಿತ್ತು" ಎಂಬ ಲೆಕ್ಕವೂ ತಾನಾಗಿ ಬಂದದ್ದಲ್ಲ. 138ರಿಂದ 191ರವರೆಗೆ ಎಸೆತಕ್ಕೊಂದು ರನ್ನಿನಂತೆ ಹೊಡೆದು ಗುರಿಯನ್ನು ಅಷ್ಟು ಹತ್ತಿರಕ್ಕೆ ತಂದವರಲ್ಲಿ ಅವರೂ ಒಬ್ಬರು.

ಹಾಗೆಂದು ನಾನು ಅವರ ವಕಾಲತ್ತು ವಹಿಸಹೊರಟಾಗ ಮೇಷ್ಟ್ರು ಒಪ್ಪಲಿಲ್ಲ. "ತಪ್ಪು ತಪ್ಪೇ ಕಣಮ್ಮ. ಆ ಚೆಂಡಿಗೆ ಆ ಹೊಡೆತ ಬೇಡವಾಗಿತ್ತು. ಆದ್ರೆ ವಿಶ್ವನಾಥಂಗೆ ಅದೇ ಪಂದ್ಯದಲ್ಲಿ ಇನ್ನೊಂದು ಇನಿಂಗ್ಸ್ ಇತ್ತು. ಈ ಹುಡುಗಿಗೆ ಎಲ್ಲಿತ್ತು?"

ಮೇಷ್ಟ್ರ ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಸ್ವಲ್ಪ ಹಿಂದಕ್ಕೆ ಹೋದೆ. ಭಾರತದ ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ಮೊದಲ ಗೆಲುವೂ ಬಂತು. ಆದರೆ ಪುರುಷರ ಕ್ರಿಕೆಟ್ ನಡೆಸುವ ಮಂಡಳಿಯ ಆಶ್ರಯ ಇವರಿಗೆ ಸಿಕ್ಕಿದ್ದು 2006ರಲ್ಲಿ, ಮೂರು ದಶಕ ಕಳೆದ ಮೇಲೆ. ಅನಂತರವೂ 2014ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ದಕ್ಷಿಣ ಆಫ್ರಿಕ ಎದುರು ಆಡಿದ ಟೆಸ್ಟಿನ ಬಳಿಕ ಮುಂದಿನದು ಒದಗಿದ್ದು 2021ರ ಜೂನ್‌ನಲ್ಲಿ. ವೇದಾ 48 ಏಕದಿನ, 76 ಟಿ-20 ಪಂದ್ಯ ಆಡಿದರು. ಒಂದು ಟೆಸ್ಟನ್ನೂ ಆಡಲಿಲ್ಲ. ಎರಡನೇ ಇನಿಂಗ್ಸ್ ಎಂಬುದೇ ಇಲ್ಲದ ಆಟದಲ್ಲಿ ಅವರ ಅಂತರರಾಷ್ಟ್ರೀಯ ಬದುಕು ಮುಗಿಯಿತು.

ನನ್ನದೂ ಒಂದು ಮಾತು ಇಲ್ಲಿ ಹೇಳಬೇಕು. ಅಜ್ಜಂಪುರದಲ್ಲಿ ನಾನು ಏಳನೇ ತರಗತಿಯವರೆಗೆ ಹುಡುಗರ ಜೊತೆ ಕ್ರಿಕೆಟ್ ಆಡಿದೆ. ಚೆನ್ನಾಗಿಯೇ ಹೊಡೆಯುತ್ತಿದ್ದೆ. ಎಂಟನೇ ತರಗತಿಗೆ ಬಂದಾಗ ಹುಡುಗಿಯರಿಗೆ ಥ್ರೋಬಾಲ್ ಎಂದರು, ಮುಗಿಯಿತು. ಯಾರೂ ಗದರಲಿಲ್ಲ, ಅದಕ್ಕೇ ನಾನು ಅಳಲೂ ಇಲ್ಲ. ಈಗ ಶಾಲೆಗಳ ಹಳೆಯ ಕ್ರೀಡಾ ವಹಿಗಳನ್ನು ತಿರುವಿ ಹಾಕುವಾಗ ಕ್ರಿಕೆಟ್ ಪುಟಗಳಲ್ಲಿ ಹುಡುಗಿಯರ ಹೆಸರು ಹುಡುಕುತ್ತೇನೆ. ನಾನು ನೋಡಿದ ವಹಿಗಳಲ್ಲಿ ಒಂದೂ ಸಿಕ್ಕಿಲ್ಲ. ಬರೆಯದೆ ಇದ್ದದ್ದು ಆಡದೆ ಇದ್ದದ್ದಲ್ಲ ಎಂಬುದಕ್ಕೆ ನಾನೇ ಸಾಕ್ಷಿ.

ಆದ್ದರಿಂದಲೇ ಮಾವನ ಅಂಗಡಿಯ ಆ ಸಂಜೆ ನನಗೆ ಮುಖ್ಯ ಅನ್ನಿಸುವುದು. "ಬೀಸಬಾರದಿತ್ತು" ಎಂಬ ಮಾತು ಆ ರಾತ್ರಿ ನನಗೆ ಚುಚ್ಚಿತ್ತು. ಈಗ ಅದರಲ್ಲಿ ಬೇರೆಯದೇ ಕೇಳಿಸುತ್ತದೆ. ಮಧ್ಯಾಹ್ನ "ಆಡಬಾರದು" ಎನ್ನುತ್ತಿದ್ದವರು ರಾತ್ರಿ "ಹೀಗೆ ಆಡಬಾರದಿತ್ತು" ಎಂದರು. ನಡುವೆ ಒಂದೇ ಪದ ಸೇರಿದೆ. ವಿಶ್ವನಾಥ್‌ಗೆ ಬೈಯುವಷ್ಟೇ ಸಲಿಗೆಯಿಂದ, ಅಷ್ಟೇ ಹಕ್ಕಿನಿಂದ ಒಬ್ಬ ಹುಡುಗಿಗೆ ಬೈದರು. ಅವಳ ಹೊಡೆತಕ್ಕೆ ಬೈದರು, ಅವಳು ಹುಡುಗಿಯಾದದ್ದಕ್ಕಲ್ಲ. ಸ್ವಾತಂತ್ರ್ಯ ಬರುವವರೆಗೂ ನಮ್ಮ ಇಡೀ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಕಚೇರಿಗಳು 1865ರಲ್ಲೇ ಚಿಕ್ಕಮಗಳೂರಿಗೆ ಹೋದವು, 1947ರಲ್ಲಿ ಹೆಸರೂ ಹೋಯಿತು. ಊರಿನ ಹೆಸರು ಮತ್ತೆ ದೊಡ್ಡದಾಗಿ ಕೇಳಿಸಿದ್ದು ಈ ಹುಡುಗಿಯಿಂದ.

2025ರ ಜುಲೈನಲ್ಲಿ ವೇದಾ ನಿವೃತ್ತಿ ಘೋಷಿಸಿದರು. ಅದೇ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತ ದಕ್ಷಿಣ ಆಫ್ರಿಕವನ್ನು 52 ರನ್ನಿನಿಂದ ಸೋಲಿಸಿ ಮಹಿಳೆಯರ ವಿಶ್ವಕಪ್ ಗೆದ್ದಿತು. ನಾಯಕಿ ಹರ್ಮನ್‌ಪ್ರೀತ್. ಐದು ವಿಕೆಟ್ ಪಡೆದವರು ದೀಪ್ತಿ ಶರ್ಮಾ. ಲಾರ್ಡ್ಸ್‌ನಲ್ಲಿ ವೇದಾ ಔಟಾದ ಮೇಲೆ 218ರವರೆಗೆ ಹೋರಾಡಿದ್ದ ಅದೇ ದೀಪ್ತಿ. ಅವರಿಬ್ಬರಿಗೆ ಎಂಟು ವರ್ಷಗಳ ಬಳಿಕವಾದರೂ ಇನ್ನೊಂದು ಇನಿಂಗ್ಸ್ ಸಿಕ್ಕಿತು.

ಆ ರಾತ್ರಿ ಮಾವ ಫೋನ್ ಮಾಡಿದರು. ಅಂಗಡಿಯಲ್ಲಿ ಜನ ತುಂಬಿದ್ದಾರೆ, ಬೇಕರಿಯವರು ಮೈಸೂರುಪಾಕು ಹಂಚುತ್ತಿದ್ದಾರೆ ಎಂದರು. ಹಿಂದಿನಿಂದ ಬೇಕರಿಯವರ ದನಿ ಕೇಳಿಸಿತು. "ಅವತ್ತು ನಮ್ಮ ಹುಡುಗಿ ಒಂದೈದು ಓವರ್ ನಿಂತಿದ್ರೆ ಆಗ್ಲೇ ಗೆದ್ದಿರ್ತಿದ್ವಿ."

ಇನ್ನೂ ಬಿಟ್ಟಿಲ್ಲ ಎಂದುಕೊಂಡೆ. ಮತ್ತೆ ಅನ್ನಿಸಿತು, ಬಿಡದೇ ಇರಲಿ.