ತೆಳುವಾದ, ಅಗಲವಾದ, ಓರೆಯಾದ ಅಕ್ಷರ

ತುದಿಗಳಲ್ಲಿ ಸೆರಿಫ್ ಎಂಬ ಕಿರುಗೆರೆಗಳಿಲ್ಲದೆ, ತೆಳುವೂ ಅಗಲವೂ ಓರೆಯೂ ಆಗಿರುವ ರೋಮನ್ ಅಚ್ಚಕ್ಷರವು ಒಬ್ಬನೇ ಶಿಲ್ಪಿಯ ಕಲ್ಪನೆಯಲ್ಲಿ ಹುಟ್ಟಿದುದಲ್ಲ. ಅದರ ಒಂದೊಂದು ಲಕ್ಷಣವೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ನಿಮಿತ್ತದಿಂದ ಬಂದು ಸೇರಿದುದು. ಇವುಗಳಲ್ಲಿ ಓರೆಯೇ ಹಿರಿದು. ವೆನಿಸ್ಸಿನ ಆಲ್ಡಸ್ ಮನೂಷಿಯಸನು ಫ್ರಾನ್ಸೆಸ್ಕೊ ಗ್ರಿಫೋನಿಂದ ಕೊರೆಯಿಸಿ 1501ರಲ್ಲಿ ವರ್ಜಿಲನ ಕಾವ್ಯವನ್ನು ಅಚ್ಚುಮಾಡಿದ ಮೊಳೆಗಳು ವಿದ್ವಾಂಸರ ಕೈಬರಹದ ಓಟವನ್ನು ಅನುಸರಿಸಿದ್ದುವು. ಅಂದು ಇಡೀ ಗ್ರಂಥವೇ ಓರೆಯಕ್ಷರದಲ್ಲಿರುತ್ತಿತ್ತು, ಒತ್ತಿ ಹೇಳಬೇಕಾದ ಮಾತಿಗೆ ಅದು ಮೀಸಲಾದುದು ಆಮೇಲೆ. ಕಿರುಗೆರೆಯಿಲ್ಲದ ಮೊಳೆಯಾದರೋ 1816ರ ಸುಮಾರಿಗೆ ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ನನ ಮಾದರಿಪುಸ್ತಕದಲ್ಲಿ, ಅದೂ ದೊಡ್ಡಕ್ಷರಗಳಲ್ಲಿ ಮಾತ್ರ, ತಲೆದೋರಿ, ಬಹುಕಾಲ ಭಿತ್ತಿಪತ್ರಗಳ ದಪ್ಪಕ್ಷರವಾಗಿಯೇ ಉಳಿಯಿತು.

ಇವೆರಡೂ ಕೂಡಿದ ಮೇಲೆ ಎರಡು ಪಂಥಗಳಾದುವು: ಪೌಲ್ ರೆನ್ನರನ ಫ್ಯೂಚುರಾ ಎಂಬ ಅಚ್ಚಕ್ಷರದ ಓರೆಯು ನೇರವಾದ ಅಕ್ಷರವನ್ನೇ ವಾಲಿಸಿದ ರೂಪ, ಎರಿಕ್ ಗಿಲ್ಲನ ಗಿಲ್ ಸ್ಯಾನ್ಸಿನ ಓರೆಯಲ್ಲಿ ಲೇಖನಿಯ ನೆನಪು ಇನ್ನೂ ಇದೆ. ಮುಂದೆ 1957ರಲ್ಲಿ ಆಡ್ರಿಯನ್ ಫ್ರುಟಿಗರನು ಯೂನಿವರ್ಸ್ ಕುಟುಂಬದ ಅಕ್ಷರಗಳನ್ನು ಹೆಸರಿನ ಬದಲು ಎರಡಂಕಿಗಳಿಂದ ಗುರುತಿಸಿದನು. ಮೊದಲಂಕಿ ಗೆರೆಯ ದಪ್ಪಕ್ಕೆ, ಎರಡನೆಯದು ಅಗಲಕ್ಕೂ ಓರೆಗೂ. ಆ ಕ್ರಮವನ್ನು 1983ರ ನೊಯೆ ಹೆಲ್ವೆಟಿಕಾ ಅಳವಡಿಸಿಕೊಂಡಾಗ ತೆಳು–ಅಗಲದ ಅಕ್ಷರವು 43 ಎನಿಸಿ, ಅದರ ಓರೆ 44 ಆಯಿತು. ನನಗೆ ತೋರುವಂತೆ, ಓದುಗನ ಅಗತ್ಯವು ಕರೆಯುವ ಮೊದಲೇ ಈ ಅಂಕಿಗಳ ಕೋಷ್ಟಕದ ಬರಿದಾದ ಮನೆಯೇ ಈ ಅಕ್ಷರವನ್ನು ಕರೆಯಿತು.

ಕರೆದ ಮಾತ್ರಕ್ಕೆ ಅದು ಸುಲಭವಾಗಿ ಬರುವುದಲ್ಲ. ನೇರವಾದ ರೋಮನ್ 'O' ಅಕ್ಷರವನ್ನು ಯಂತ್ರದಿಂದ ಬಲಕ್ಕೆ ವಾಲಿಸಿದೊಡನೆ ಅದರ ಗೆರೆಯು ಮೇಲಿನ ಬಲಗಡೆಯಲ್ಲಿಯೂ ಕೆಳಗಿನ ಎಡಗಡೆಯಲ್ಲಿಯೂ ದಪ್ಪವಾಗಿ, ಉಳಿದೆರಡು ಮೂಲೆಗಳಲ್ಲಿ ಸಣ್ಣಗಾಗುತ್ತದೆ. ದಪ್ಪಕ್ಷರದಲ್ಲಿ ಕಣ್ಣು ಕ್ಷಮಿಸಬಹುದಾದ ಈ ವಿಕಾರವು, ಮೊದಲೇ ಕೂದಲೆಳೆಯಂತಿರುವ ಗೆರೆಯಲ್ಲಿ, ಅದೂ ಅಗಲವಾದ ಬಳಸಿನ ಮೇಲೆ, ಮುಚ್ಚಿಡಲು ಎಡೆಯಿಲ್ಲದೆ ಎದ್ದು ಕಾಣುವುದು. ಎಳೆದು ಅಗಲಿಸಿದರೆ ಲಂಬರೇಖೆಗಳು ಮಾತ್ರ ದಪ್ಪವಾಗುವುವು, ಅಡ್ಡರೇಖೆಗಳು ಇದ್ದಂತೆಯೇ ಇರುವುವು. ಆದುದರಿಂದ ಒಳ್ಳೆಯ ವಿನ್ಯಾಸಕಾರನು ಪ್ರತಿಯೊಂದು ವಕ್ರವನ್ನೂ ಕಣ್ಣಳತೆಯಿಂದ ತಿದ್ದಿಯೇ ತೀರಬೇಕು.

ಈ ಅಕ್ಷರವನ್ನು ದೀರ್ಘಗದ್ಯಕ್ಕೆ ಬಳಸುವುದು ಅವಿವೇಕ; ಪಂಕ್ತಿಯಲ್ಲಿ ಪದಗಳು ಹಿಡಿಸವು, ಕಪ್ಪು ನೆಲದ ಮೇಲೆ ಬಿಳಿಯಾಗಿ ಬಿಟ್ಟರೆ ಶಾಯಿ ಹರಡಿ ಗೆರೆಯೇ ಮುಚ್ಚಿಹೋಗುವುದು. ನಾಲ್ಕಾರು ಪದಗಳ ಶೀರ್ಷಿಕೆ, ಪುಸ್ತಕದ ಹೊದಿಕೆ, ಸುಗಂಧದ್ರವ್ಯದ ಪೆಟ್ಟಿಗೆ, ಇಲ್ಲೆಲ್ಲ ದೊಡ್ಡ ಅಳತೆಯಲ್ಲಿ, ಸುತ್ತಲೂ ಧಾರಾಳವಾದ ಖಾಲಿ ಜಾಗವಿದ್ದರೆ, ಅದರ ವೇಗವೂ ಬಿಡುವೂ ಒಟ್ಟಿಗೆ ಶೋಭಿಸುತ್ತವೆ. 2016ರಲ್ಲಿ ಬಂದ ವೇರಿಯಬಲ್ ಫಾಂಟುಗಳಲ್ಲಿ ದಪ್ಪ, ಅಗಲ, ಓರೆಗಳು ನಿರಂತರವಾಗಿ ಹೊಂದಿಸಬಹುದಾದ ಅಕ್ಷಗಳಾಗಿ, ಫ್ರುಟಿಗರನ ಮನೆಗಳ ನಡುವಣ ಗೋಡೆಗಳು ಕರಗಿವೆ.

ನಮ್ಮ ಕನ್ನಡದಲ್ಲಿಯೂ ಗಣಕಯಂತ್ರವು ಅಕ್ಷರವನ್ನು ಒಂದೇ ಗುಂಡಿಯಿಂದ ವಾಲಿಸಿಕೊಡುತ್ತದೆ. ಆದರೆ ಅಡಿಗೆರೆಯನ್ನು ಆಧಾರವಾಗಿಟ್ಟು ವಾಲಿಸಿದಾಗ ತಲೆಕಟ್ಟು ಬಲಕ್ಕೂ ಕೆಳಗಿನ ಒತ್ತಕ್ಷರ ಎಡಕ್ಕೂ ಸರಿದು, ಒತ್ತು ತನ್ನ ಎಡೆ ತಪ್ಪುವುದನ್ನು ತಿದ್ದುವವರು ವಿರಳ.